ಕೆಡಲೊಲ್ಲದ ಪ್ರಯೋಗ

ಸೋಮವಾರ ಬನ್ನಿನ ಹಬ್ಬ, ಮಂಗಳವಾರ ಹೊಟ್ಟೆ ಬಿರಿಯುವ ಹಬ್ಬ, ಬುಧವಾರ ಬೂದಿ ಹಬ್ಬ. ರೇಕ್ಯಾವಿಕ್‌ನ ಚಳಿಗಾಲದಲ್ಲಿ ಈ ಮೂರೂ ಇದೇ ಕ್ರಮದಲ್ಲಿ, ಒಂದರ ಬೆನ್ನಿಗೊಂದು ಬರುತ್ತವೆ. ಸೋಲ್ರೂನ್‌ಳ ಪ್ರಯೋಗವೂ ಆ ವರ್ಷ ಅದೇ ಕ್ರಮವನ್ನು ಹಿಡಿಯಿತು. ಸೋಮವಾರ ಅದು ಅವಳ ಸಿದ್ಧಾಂತವನ್ನು ಕೊಂದಿತು, ಮಂಗಳವಾರ ಏನು ಮಾಡಿದರೂ ಕೆಡಲೊಲ್ಲೆ ಎಂದಿತು, ಬುಧವಾರ ಕೆಟ್ಟಿತು. ಅದು ಕೆಟ್ಟಾಗ ಮೂವರು ವಿಜ್ಞಾನಿಗಳು ಕೈಕೈ ಹಿಡಿದು ಕುಣಿದರು. ಅವರಲ್ಲಿ ಒಬ್ಬಳು ಕೋಳಿಯ ವೇಷದಲ್ಲಿದ್ದಳು.

ಕೆಟ್ಟದ್ದಕ್ಕೆ ಕುಣಿಯುವುದೇಕೆ ಎಂಬುದು ತಿಳಿಯಬೇಕಾದರೆ ಶರತ್ಕಾಲದಿಂದ ಆರಂಭಿಸಬೇಕು. ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್‌ಗಾಗಿ ದುಡಿಯುತ್ತಿದ್ದ ಸೋಲ್ರೂನ್‌ಳ ಕೆಲಸ ಬೆಳ್ಳಿಯನ್ನು ಘನಾಕೃತಿಯ ಕಣಗಳನ್ನಾಗಿ ಬೆಳೆಸುವುದು. ಬೆಳ್ಳಿಯ ಲವಣವನ್ನು ಒಂದು ಮಂದ ದ್ರಾವಕದಲ್ಲಿ ಕಾಯಿಸಿದರೆ ಬೆಳ್ಳಿ ಕಣಕಣವಾಗಿ ಹೊರಬೀಳುತ್ತದೆ. ಆದರೆ ಸಾಮಾನ್ಯವಾಗಿ ಅದಕ್ಕೆ ಒಂದು ಇಡೀ ದಿನ ಹಿಡಿಯುತ್ತದೆ, ಬಂದ ಕಣಗಳೂ ಕೆಲವು ಗುಂಡು, ಕೆಲವು ಕಡ್ಡಿ, ಕೆಲವು ಹೇಳಲಾಗದ ಆಕಾರ. ಸೋಲ್ರೂನ್‌ಳ ಫ್ಲಾಸ್ಕಿನಲ್ಲಿ ಮಾತ್ರ, ಬಟ್ಟಲಿನ ಕಾಫಿ ಆರುವುದರೊಳಗೆ ದ್ರಾವಣ ಹಳದಿಗೆ ತಿರುಗಿ, ಕೆಂಪಾಗಿ, ಕಡೆಗೆ ಕಾವಿಮಣ್ಣಿನ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರುಮುಖದ ದಾಳಗಳನ್ನು ಸುರಿದಂತೆ ಘನಗಳು, ಒಂದರಂತೆ ಇನ್ನೊಂದು.

ಇದಕ್ಕೆ ಕಾರಣ ಕಲ್ಲುಹೂ ಎಂದು ಅವಳು ನಂಬಿದ್ದಳು. ಬೇಸಿಗೆಯಲ್ಲಿ ಬೆಟ್ಟದ ಬಯಲಿನಲ್ಲಿ ಮಂಡಿಯೂರಿ, ತನ್ನ ಕೈಯಿಂದಲೇ ಆಯ್ದು ತಂದ ಕಲ್ಲುಹೂವಿನ ಕಷಾಯವನ್ನು ಅವಳು ಆ ದ್ರಾವಣಕ್ಕೆ ಬೆರೆಸುತ್ತಿದ್ದಳು. ಅವಳ ಪ್ರಬಂಧದ ಬೆನ್ನುಮೂಳೆಯಂತಿದ್ದ ಅಧ್ಯಾಯ ನಿಂತದ್ದು ಆ ಕಷಾಯದ ಮೇಲೆ. ಅವಳ ಮಾರ್ಗದರ್ಶಕಿ ಸ್ಟೇನ್‌ವೋರ್ ಅದೇ ಪ್ರಯೋಗವನ್ನು ತನ್ನ ಕೈಯಾರೆ ಮಾಡಿ ಘನಗಳನ್ನು ಪಡೆದಳು. ಪಡೆದ ಮೇಲೂ ತಲೆಯಾಡಿಸಿದಳು.

"ನಾನು ಮಾಡಿದ್ದು ಲೆಕ್ಕಕ್ಕಿಲ್ಲ ಕಣೇ. ನಾನು ನಿನ್ನ ಪಕ್ಕದಲ್ಲೇ ಇದ್ದೀನಿ, ನಿನ್ನ ಒಲೆ, ನಿನ್ನ ಗಾಜು. ಇನ್ನೊಂದು ಊರಲ್ಲಿ, ಇನ್ನೊಬ್ಬರ ಕೈಲಿ, ನೀನಿಲ್ಲದೆ ಇರೋವಾಗ ಬರಬೇಕು. ಅಲ್ಲೀವರೆಗೆ ಇದು ಸಂಶೋಧನೆ ಅಲ್ಲ, ನಮ್ಮನೆ ಸಮಾಚಾರ."

ಕಲ್ಲುಹೂ ಅಂಚೆಯಲ್ಲಿ ಡೆನ್ಮಾರ್ಕಿನ ಓರ್ಹುಸ್‌ಗೆ ಹೋಯಿತು. ಅಲ್ಲಿನ ಪ್ರಯೋಗಾಲಯದ ತ್ರೂಲ್ಸ್ ಎಂಬಾತ, ಸೋಲ್ರೂನ್ ಬರೆದುಕೊಟ್ಟ ವಿಧಾನವನ್ನು ಅಕ್ಷರ ಬಿಡದೆ ಪಾಲಿಸಿದ. ಬಂದದ್ದು ಗುಂಡು, ಕಡ್ಡಿ, ಕಸ. ಮತ್ತೆ ಮಾಡಿದ, ಮತ್ತೆ ಕಸ. ಪ್ರಬಂಧದ ಪರೀಕ್ಷಕರು ಸೌಜನ್ಯದಿಂದಲೇ ತಮ್ಮ ನಿರ್ಧಾರ ತಿಳಿಸಿದರು: ಹೊರಗಿನ ಒಂದು ಪ್ರಯೋಗಾಲಯವಾದರೂ ಈ ಫಲಿತಾಂಶವನ್ನು ಪಡೆಯದಿದ್ದರೆ ಆ ಅಧ್ಯಾಯವನ್ನು ತೆಗೆಯಬೇಕು. ಅದನ್ನು ತೆಗೆದರೆ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ. ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ. ಆತಂಕವಾದಾಗ ಸೋಲ್ರೂನ್‌ಗೆ ಬಿಕ್ಕಳಿಕೆ ಬರುತ್ತದೆ. ಆ ಪತ್ರ ಬಂದ ವಾರವಿಡೀ ಅವಳು ಬಿಕ್ಕಳಿಸುತ್ತಲೇ ಓಡಾಡಿದಳು.

ತ್ರೂಲ್ಸ್ ಹಟವಾದಿ. ತನ್ನ ಬೆಳ್ಳಿಯ ಲವಣ, ತನ್ನ ದ್ರಾವಕ, ಕಡೆಗೆ ತನ್ನೂರಿನ ಭಟ್ಟಿ ಇಳಿಸಿದ ನೀರನ್ನೂ ಹೊತ್ತುಕೊಂಡು ಅವನೇ ರೇಕ್ಯಾವಿಕ್‌ಗೆ ಬಂದಿಳಿದ. ಪ್ರಯೋಗ ಮಾಡಿದ. ಘನಗಳು ಬಂದವು. ಮರುದಿನ ಮಾಡಿದ, ಮತ್ತೆ ಬಂದವು. ಅವನಿಗೆ ಸಂತೋಷವಾಗುವ ಬದಲು ಸಿಟ್ಟು ಬಂತು.

ಬನ್ನಿನ ಹಬ್ಬದ ಬೆಳಗ್ಗೆ ಅವನು ಬೆರಳುಗಳನ್ನು ಬಿಡಿಸಿ ತನ್ನ ಅಂಗೈಗಳನ್ನೇ ದಿಟ್ಟಿಸುತ್ತ ಕುಳಿತಿದ್ದ. "ಕೈ ಅದೇ. ಬೆಳ್ಳಿ ಅದೇ. ನೀರೂ ಅದೇ. ಅಲ್ಲಿ ಕಸ, ಇಲ್ಲಿ ದಾಳ. ನಿಮ್ಮ ದೇಶದಲ್ಲಿ ಅಂಥದ್ದೇನಿದೆ ಮಾರಾಯ್ತಿ?"

"ಒಳ್ಳೇ ಜನ ಇದ್ದೀವಿ," ಎಂದಳು ಸೋಲ್ರೂನ್.

"ಇರಲಿ. ಆ ಒಳ್ಳೇ ಜನದಲ್ಲಿ ದಿನಾ ಇಲ್ಲಿ ಮೊಟ್ಟೆ ಬೇಯಿಸೋದು ಯಾರು? ಬಂದಾಗಿಂದ ನೋಡ್ತಿದ್ದೀನಿ, ಲ್ಯಾಬ್ ತುಂಬ ಕೊಳೆತ ಮೊಟ್ಟೆ ವಾಸನೆ."

ಸೋಲ್ರೂನ್ ಮೂಗರಳಿಸಿ ಉಸಿರೆಳೆದಳು. "ಯಾವ ವಾಸನೆ?"

"ಡೇನರ ಮೂಗೇ ಹಂಗೆ," ಎಂದು ಸ್ಟೇನ್‌ವೋರ್ ಬಾಗಿಲಿನಿಂದ ಕೂಗಿದಳು. "ನೂರಾರು ವರ್ಷ ನಮ್ಮನ್ನ ಆಳ್ತಾ, ನಮ್ಮ ವ್ಯವಹಾರದೊಳಗೆ ತೂರಿಸಿ ತೂರಿಸಿ ಕೆಟ್ಟುಹೋಗಿದೆ." ಅವಳ ಒಂದು ಕೈಯಲ್ಲಿ ಬನ್ನುಗಳ ಡಬ್ಬಿ, ಇನ್ನೊಂದರಲ್ಲಿ ಮಕ್ಕಳು ಆ ದಿನ ದೊಡ್ಡವರನ್ನು ಬಡಿದೆಬ್ಬಿಸುವ ಬಣ್ಣದ ಕಾಗದದ ಕೋಲು.

ಸೋಲ್ರೂನ್ ಎಂದಿನಂತೆ ಅತಿಥಿಯ ಫ್ಲಾಸ್ಕನ್ನು ನಲ್ಲಿಯ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ನೀರು ಕೊಡವಿ, ಅವನ ಕೈಗಿತ್ತಳು. ಅವಳ ಮನೆಯಲ್ಲಿ ತಣ್ಣನೆಯ ಬಟ್ಟಲಿಗೆ ಕಾಫಿ ಸುರಿದು ಯಾರಿಗೂ ಕೊಟ್ಟದ್ದಿಲ್ಲ. ಕಿಟಕಿಯ ಪಕ್ಕದ ಕಪಾಟಿನಲ್ಲಿ ಮರಗಟ್ಟಿದ ಗಾಜನ್ನು ಹಾಗೆಯೇ ಕೊಡಲು ಅವಳ ಕೈ ಬರುತ್ತಿರಲಿಲ್ಲ. ತ್ರೂಲ್ಸ್ ದ್ರಾವಕ ಸುರಿದ, ಬೆಳ್ಳಿಯ ಲವಣ ಹಾಕಿದ. ಕಷಾಯದ ಶೀಶೆಗೆ ಕೈ ಚಾಚುವಷ್ಟರಲ್ಲಿ ಸ್ಟೇನ್‌ವೋರ್ ಹಿಂದಿನಿಂದ ಬಂದು ಕಾಗದದ ಕೋಲಿನಿಂದ ಅವನ ಬೆನ್ನಿನ ಕೆಳಗೆ ಪಟಪಟನೆ ಬಾರಿಸಿದಳು.

"ಅಯ್ಯೋ! ಏನಿದು?"

"ಹಬ್ಬ. ಎಷ್ಟು ಏಟೋ ಅಷ್ಟು ಬನ್ನು. ತಿನ್ನು."

ಕೆನೆ ತುಂಬಿ, ಮೇಲೆ ಚಾಕೊಲೇಟ್ ಬಳಿದ ಬನ್ನನ್ನು ಮೂಗಿಗೆ ಮೆತ್ತಿಸಿಕೊಳ್ಳದೆ ತಿನ್ನುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಮೂವರೂ ಕಚೇರಿಯ ಕೋಣೆಯಲ್ಲಿ ಮೆತ್ತಿಸಿಕೊಂಡು, ಒರೆಸಿಕೊಂಡು, ಒಬ್ಬರ ಮುಖ ಕಂಡು ಇನ್ನೊಬ್ಬರು ನಕ್ಕು ಹಿಂತಿರುಗುವ ಹೊತ್ತಿಗೆ ದ್ರಾವಣ ಕಾವಿಬಣ್ಣಕ್ಕೆ ಬಂದು ನಿಂತಿತ್ತು. ಸೋಲ್ರೂನ್ ಚಪ್ಪಾಳೆ ತಟ್ಟಿದಳು. ತ್ರೂಲ್ಸ್ ತಟ್ಟಲಿಲ್ಲ. ಅವನು ಒಲೆಯ ಪಕ್ಕದ ಶೀಶೆಯನ್ನು ಎತ್ತಿ ಬೆಳಕಿಗೆ ಹಿಡಿದ. ಕಷಾಯ ಕತ್ತಿನವರೆಗೂ ಇತ್ತು.

"ಸೋಲ್ರೂನ್, ನಾನು ಕಲ್ಲುಹೂ ಹಾಕಲೇ ಇಲ್ಲ."

"ಹಾಕಿರ್ತೀಯ."

"ಏಟು ಬಿತ್ತು, ಬನ್ನು ಬಂತು, ಹೋದೆ. ಹಾಕಿಲ್ಲ."

ಕಲ್ಲುಹೂ ಇಲ್ಲದೆಯೇ ಘನಗಳು ಬಂದಿದ್ದವು. ಅಂದರೆ ಬೆಟ್ಟದ ಬಯಲು, ಮಂಡಿಯ ನೋವು, ಪ್ರಬಂಧದ ಬೆನ್ನುಮೂಳೆ, ಎಲ್ಲವೂ ಒಂದು ಬನ್ನಿನ ಅವಧಿಯಲ್ಲಿ ಸತ್ತುಹೋಗಿದ್ದವು. ಸೋಲ್ರೂನ್ ಬಾಯಿ ತೆರೆದಳು. ಹೊರಬಂದದ್ದು ಬಿಕ್ಕಳಿಕೆ. ಆ ಬಿಕ್ಕಳಿಕೆಯ ಸದ್ದಿಗೆ ಅವಳಿಗೇ ನಗು ಬಂತು. ನಗುತ್ತ ಬಿಕ್ಕಳಿಸುತ್ತ ಅವಳು ಸ್ಟೂಲಿನ ಮೇಲೆ ಕುಸಿದಳು. ನಗು ಅಳುವಿನ ಅಂಚಿಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ತೂಗಾಡಿ, ಹಿಂದಿರುಗಿತು.

ಸ್ಟೇನ್‌ವೋರ್ ಅವಳ ಮುಂದೆ ಇನ್ನೊಂದು ಬನ್ನು ಇಟ್ಟಳು. "ನಿನ್ನ ಕಾರಣ ಸತ್ತಿದೆ, ಫಲಿತಾಂಶ ಸತ್ತಿಲ್ಲ. ಇಲ್ಲಿ ಏನೋ ಒಂದಿದೆ, ಓರ್ಹುಸ್‌ನಲ್ಲಿ ಇಲ್ಲ. ಯಾವುದನ್ನ ತೆಗೆದ್ರೆ ಕೆಡುತ್ತೋ ಅದೇ ಅದು. ಶುಕ್ರವಾರ ಇವನು ವಿಮಾನ ಹತ್ತುತ್ತಾನೆ. ಅಷ್ಟರೊಳಗೆ ಇದನ್ನ ಕೆಡಿಸಿ."

ಹೀಗೆ ಮಂಗಳವಾರ ಬೆಳಗಿನಿಂದ ಇಬ್ಬರು ವಿದ್ಯಾವಂತರು ತಮ್ಮ ಜೀವಮಾನದಲ್ಲಿ ಎಂದೂ ಮಾಡದ ಕೆಲಸಕ್ಕೆ ಇಳಿದರು: ಚೆನ್ನಾಗಿ ನಡೆಯುವ ಪ್ರಯೋಗವನ್ನು ಹಾಳುಮಾಡಲು ಟೊಂಕಕಟ್ಟಿದರು. ಕಲಕುವ ಯಂತ್ರವನ್ನು ನಿಲ್ಲಿಸಿದರು, ಘನಗಳು ಬಂದವು. ದೀಪ ಆರಿಸಿ ಕತ್ತಲಲ್ಲಿ ಮಾಡಿದರು; ಬಂದವು. ಸೋಲ್ರೂನ್‌ಳ ಉಣ್ಣೆಯ ಅಂಗಿಯಿಂದ ಎಳೆ ಬೀಳುತ್ತಿರಬಹುದೆಂದು ಅದನ್ನು ಬಿಚ್ಚಿಸಿ, ಕಿಟಕಿ ತೆರೆದು ಒಳಗೆ ಹಿಮ ಬೀಳುವಂತೆ ಮಾಡಿ, ಇಬ್ಬರೂ ಹಲ್ಲು ಕಟಕಟಿಸುತ್ತ ನಿಂತರು, ಆಗಲೂ ಬಂದವು. ಸ್ಟೇನ್‌ವೋರ್ ಕೆಲಸ ಮಾಡುವಾಗ ಗುನುಗುತ್ತಾಳೆ. ಅವಳನ್ನು ಗುನುಗದಂತೆ ಬೇಡಿಕೊಂಡರು. ಅವಳು ಬಾಯಿ ಮುಚ್ಚಿ ಕಷ್ಟಪಟ್ಟು ಕೆಂಪಾದಳು. ದ್ರಾವಣವೂ ಕೆಂಪಾಗಿ, ಕಾವಿಯಾಗಿ, ಘನಗಳನ್ನು ಕೊಟ್ಟಿತು. ಪ್ರತಿ ಸಲವೂ ಸೋಲ್ರೂನ್ ಫ್ಲಾಸ್ಕನ್ನು ನಲ್ಲಿಯ ಕೆಳಗೆ ಬೆಚ್ಚಗೆ ಮಾಡಿಕೊಟ್ಟಳು. ಅದನ್ನು ಯಾರೂ ನೋಡಲಿಲ್ಲ. ದಿನವೂ ಕಣ್ಣೆದುರಿಗಿರುವುದು ಕಣ್ಣಿಗೆ ಬೀಳುವುದಿಲ್ಲ.

"ಒಂದು ಸಲ ಕೆಟ್ಟುಬಿಡು, ಕಂದ," ಎಂದು ತ್ರೂಲ್ಸ್ ಫ್ಲಾಸ್ಕಿನ ಕೆನ್ನೆ ಸವರಿದ. "ನಾನು ಯಾರಿಗೂ ಹೇಳಲ್ಲ."

"ಪರೀಕ್ಷಕರಿಗೆ ಏನಂತ ಬರೀಲಿ?" ಎಂದಳು ಸೋಲ್ರೂನ್. "ಮಾನ್ಯರೇ, ಈ ಪ್ರಯೋಗ ವಿಪರೀತ ಯಶಸ್ವಿಯಾಗ್ತಿದೆ, ದಯವಿಟ್ಟು ಕಾಪಾಡಿ ಅಂತಾನಾ?"

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹಬ್ಬದ ಉಪ್ಪುಮಾಂಸ ಮತ್ತು ಬಟಾಣಿಯ ಗಂಜಿ. ಬಿರಿಯುವ ಹಬ್ಬದಂದು ಬಿರಿಯುವಷ್ಟು ತಿನ್ನದೆ ಏಳುವುದು ಅಪಮಾನ. ಸಂಜೆಯ ಹೊತ್ತಿಗೆ ಇಬ್ಬರಿಗೂ ನಡೆಯುವುದಕ್ಕಿಂತ ತೇಲುವುದೇ ಸುಲಭವೆನ್ನಿಸಿ, ಎಲ್ಲರೂ ಹೋಗುವ ಈಜುಕೊಳಕ್ಕೆ ಹೋದರು. ಸಾಬೂನು ಹಚ್ಚಿ ಕಡ್ಡಾಯದ ಸ್ನಾನ ಮುಗಿಸಿ, ಬಯಲಿನಲ್ಲಿದ್ದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತರು. ತಲೆಯ ಮೇಲೆ ಹಿಮ ಬೀಳುತ್ತಿತ್ತು. ಎದುರಿಗೆ ಹೂವಿನ ಟೋಪಿಯ ಅಜ್ಜಿಯೊಬ್ಬಳು ಕಣ್ಣುಮುಚ್ಚಿ ಕುಳಿತಿದ್ದಳು.

ಇದ್ದಕ್ಕಿದ್ದಂತೆ ತ್ರೂಲ್ಸ್ ನೀರಿನಿಂದ ಕೈಯೆತ್ತಿ ಚೀರಿದ. ಅವನ ಬೆರಳಿನ ಉಂಗುರ ಇದ್ದಿಲಿನಂತೆ ಕಪ್ಪಾಗಿತ್ತು.

"ನನ್ನ ಹುಡುಗಿ ಮೆಟ್ಟೆ ನನ್ನ ಕೊಂದುಹಾಕ್ತಾಳೆ! ನಿಶ್ಚಿತಾರ್ಥಕ್ಕೆ ತಾನೇ ಕೂತು ಮಾಡಿದ ಉಂಗುರ ಇದು. ಅಪ್ಪಟ ಬೆಳ್ಳಿ!"

ಸೋಲ್ರೂನ್ ನೀರು ಚಿಮ್ಮುವಂತೆ ನಕ್ಕಳು. "ಬೆಳ್ಳಿ ಹಾಕ್ಕೊಂಡು ದಿನಾ ಬಿಸಿನೀರಲ್ಲಿ ಸ್ನಾನ ಮಾಡಿದ್ಯಾ? ದಡ್ಡ! ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು ಅದು. ನೆಲದೊಳಗಿಂದ ಬರೋ ನೀರು, ಗಂಧಕ ಇರುತ್ತೆ. ನಮ್ಮಜ್ಜಿ ಬೆಳ್ಳಿ ಚಮಚ ತೊಳೆಯೋದು ತಣ್ಣೀರಲ್ಲೇ. ಬಿಸಿನೀರು ಬೆಳ್ಳಿಗೆ ಸೋಕಿದ್ರೆ ಸಾಕು, ತಕ್ಷಣ..."

ಅವಳ ನಗು ನಿಂತಿತು.

"ತಕ್ಷಣ?" ಎಂದ ತ್ರೂಲ್ಸ್. ಅವನೂ ಉಂಗುರವನ್ನು ಮರೆತಿದ್ದ. "ಸೋಲ್ರೂನ್. ಲ್ಯಾಬ್‌ನಲ್ಲಿ ನಲ್ಲಿನೀರು ಮುಟ್ಟೋದೇ ಇಲ್ಲ ಅಂದಿದ್ದೆ ನೀನು."

"ಮುಟ್ಟೋದೇ ಇಲ್ಲ. ಎಲ್ಲಾ ಭಟ್ಟಿ ಇಳಿಸಿದ್ದೇ. ಫ್ಲಾಸ್ಕು ಬೆಚ್ಚಗೆ ಮಾಡೋದು ಬಿಟ್ರೆ."

"ಏನು ಬಿಟ್ರೆ?"

"ಫ್ಲಾಸ್ಕು ಬೆಚ್ಚಗೆ... ತಣ್ಣಗಿರೋದನ್ನ ಕೈಗೆ ಕೊಡಕ್ಕಾಗುತ್ತಾ ಯಾರಿಗಾದ್ರೂ?"

"ಅದನ್ನ ಬರೆದು ಕಳಿಸಿರಲಿಲ್ಲ ನೀನು!"

"ಅದನ್ನೂ ಬರೀತಾರೇನೋ? ಕಾಫಿ ಬಟ್ಟಲಿಗೆ ಸುರೀಬೇಕು ಅಂತ ಯಾರಾದ್ರೂ ಬರೀತಾರಾ? ನೀವು ಹೇಗೆ ಬೆಚ್ಚಗೆ ಮಾಡ್ತೀರಿ ಮತ್ತೆ?"

"ಓವನ್‌ನಲ್ಲಿ! ಎಲ್ಲಾ ಮನುಷ್ಯರ ಹಾಗೆ! ವಾಸನೆ, ವಾಸನೆ ಅಂತ ಮೊದಲ ದಿನದಿಂದ ಬಡ್ಕೊಂಡೆ. ನೀವು ನನ್ನ ಮೂಗಿನ ಚರಿತ್ರೆ ಹೇಳಿದ್ರಿ!"

ಗಾಜಿನ ಒಳಗೋಡೆಗೆ ಅಂಟಿ ಉಳಿದ ಹನಿಗಳು. ಆ ಹನಿಗಳಲ್ಲಿ ಕಂಡೂ ಕಾಣದಷ್ಟು ಗಂಧಕ. ಆ ಗಂಧಕ ಬೆಳ್ಳಿಗೆ ಕೊಟ್ಟ ಒಂದು ತಳ್ಳು. ಸೋಲ್ರೂನ್‌ಗೆ ಎಲ್ಲವೂ ಒಂದೇ ಸಲ ಕಂಡಿತು. ಅವಳು ತ್ರೂಲ್ಸ್‌ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಕಪ್ಪು ಉಂಗುರಕ್ಕೆ ಲೊಚಕ್ಕನೆ ಮುತ್ತಿಟ್ಟಳು. ಬಿಕ್ಕಳಿಕೆ ಮರಳಿ ಬಂತು, ಈ ಸಲ ಸಂತೋಷದ್ದು.

ಹೂವಿನ ಟೋಪಿಯ ಅಜ್ಜಿ ಕಣ್ಣು ತೆರೆದಳು. ಹುಡುಗಿಯ ಕಣ್ಣಲ್ಲಿ ನೀರು, ಹುಡುಗನ ಬೆರಳಲ್ಲಿ ಉಂಗುರ. "ಒಳ್ಳೇದಾಗ್ಲಿ ಮಕ್ಕಳೇ," ಎಂದಳು. "ಯಾವಾಗ ಮದುವೆ?"

"ಮೇ ತಿಂಗಳಲ್ಲಿ ಪರೀಕ್ಷೆ, ಅಜ್ಜಿ!" ಎಂದು ಸೋಲ್ರೂನ್ ತೊಟ್ಟಿಯಿಂದ ನೆಗೆದು, ಬರಿಗಾಲಿನಲ್ಲಿ ಹಿಮದ ಮೇಲೆ ಓಡಿದಳು.

ಬೂದಿ ಹಬ್ಬದ ಬೆಳಗ್ಗೆ ಸ್ಟೇನ್‌ವೋರ್ ಕೋಳಿಯಾಗಿ ಬಂದಳು. ಆ ದಿನ ಮಕ್ಕಳು ವೇಷ ಹಾಕಿ, ಅಂಗಡಿ ಕಚೇರಿಗಳಲ್ಲಿ ಹಾಡಿ ಮಿಠಾಯಿ ಗಿಟ್ಟಿಸುತ್ತಾರೆ. ಮಕ್ಕಳಿಗಿಂತ ತಾನೇನು ಕಡಿಮೆ ಎಂದು ಅವಳೂ ಪ್ರತಿವರ್ಷ ಏನಾದರೊಂದು ಆಗುತ್ತಾಳೆ. ಬಿಳಿ ಗರಿ, ಕೆಂಪು ಜುಟ್ಟು, ಹಳದಿ ಕಾಲು.

"ಮೊಟ್ಟೆ ವಾಸನೆ ಎಲ್ಲಿಂದ ಅಂತ ಈಗ ಗೊತ್ತಾಯ್ತು," ಎಂದ ತ್ರೂಲ್ಸ್.

"ಬಾಯಿ ಮುಚ್ಚು. ಏನು ಕಂಡುಹಿಡಿದ್ರಿ, ಹೇಳಿ."

ಸೋಲ್ರೂನ್ ಹೇಳಿದಳು. ಕೋಳಿ ಕೊಕ್ಕು ಕೆರೆದುಕೊಂಡು ಕೇಳಿತು. ಕೇಳಿ ಮುಗಿಸಿ, ಇಬ್ಬರನ್ನೂ ಕಾರಿಡಾರಿಗೆ ಅಟ್ಟಿ ಬಾಗಿಲು ಹಾಕಿಕೊಂಡಿತು. ನಾಲ್ಕು ಫ್ಲಾಸ್ಕುಗಳು: ಎರಡನ್ನು ನಲ್ಲಿಯ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಡವಿದ್ದು, ಎರಡನ್ನು ಓವನ್‌ನಲ್ಲಿ. ಆ ಜೋಡಿಗಳಲ್ಲಿ ಒಂದೊಂದಕ್ಕೆ ಕಲ್ಲುಹೂವಿನ ಕಷಾಯ, ಒಂದೊಂದಕ್ಕೆ ಬರೀ ನೀರು. ಯಾವುದು ಯಾವುದೆಂದು ಸ್ಟೇನ್‌ವೋರ್‌ಗೆ ಮಾತ್ರ ಗೊತ್ತು. ಬೇರೆ ಬೇರೆ ಮಿಠಾಯಿಯ ಕಾಗದಗಳನ್ನು ಫ್ಲಾಸ್ಕುಗಳ ಕತ್ತಿಗೆ ಸುತ್ತಿ ಗುರುತು ಮಾಡಿದ್ದಳು. ಫಲಿತಾಂಶದ ಮೇಲೆ ಆಸೆಯಿರುವವರಿಗೆ ಆ ಗುರುತು ತಿಳಿಯಬಾರದು.

ಬಾಗಿಲು ತೆರೆಯಿತು. ಇಬ್ಬರೂ ಕಾಯಿಸಲು ಇಟ್ಟರು. ಕಾರಿಡಾರಿನಲ್ಲಿ ಕಡಲ್ಗಳ್ಳರೂ ಜೇನುಹುಳುಗಳೂ ಒಂದು ಏಡಿಯೂ ಗಂಟಲು ಬಿರಿಯುವಂತೆ ಹಾಡುತ್ತಿದ್ದವು. ಕಂದು ಕಾಗದದ ಫ್ಲಾಸ್ಕು ಹಳದಿಯಾಯಿತು, ಕೆಂಪಾಯಿತು, ಕಾವಿಯಾಯಿತು. ನೀಲಿ ಕಾಗದದ್ದೂ ಅದರ ಹಿಂದೆಯೇ ಓಡಿತು. ಹಸಿರು ಕಾಗದದ್ದು ತಿಳಿಯಾಗಿಯೇ ನಿಂತಿತು. ಗುಲಾಬಿ ಕಾಗದದ್ದೂ ಹಾಗೆಯೇ. ಕಾಫಿ ಆರಿತು, ಮತ್ತೊಂದು ಸಲ ಕಾಫಿ ಮಾಡಿದರು, ಅದೂ ಆರಿತು. ಹಸಿರೂ ಗುಲಾಬಿಯೂ ಜಗ್ಗಲಿಲ್ಲ.

"ಕೆಟ್ಟಿತು," ಎಂದು ಸೋಲ್ರೂನ್ ಪಿಸುಗುಟ್ಟಿದಳು. "ತ್ರೂಲ್ಸ್, ಕೆಟ್ಟಿದೆ ಕಣೋ!"

"ಎರಡು ಕೆಟ್ಟಿವೆ!" ಎಂದು ಅವನು ಕೂಗಿದ. "ಸ್ಟೇನ್‌ವೋರ್, ಹೇಳು ಬೇಗ, ಹಸಿರು ಗುಲಾಬಿ ಯಾವುವು?"

"ಓವನ್," ಎಂದಿತು ಕೋಳಿ. "ಒಂದರಲ್ಲಿ ಕಲ್ಲುಹೂ ಇದೆ, ಒಂದರಲ್ಲಿ ಇಲ್ಲ. ಕಂದೂ ನೀಲಿಯೂ ನಲ್ಲಿ. ಅದರಲ್ಲೂ ಒಂದರಲ್ಲಿ ಇದೆ, ಒಂದರಲ್ಲಿ ಇಲ್ಲ."

ಆಗ ಕುಣಿದದ್ದು. ಗರಿಗಳು ಉದುರಿದವು, ಮಿಠಾಯಿಯ ಬುಟ್ಟಿ ಕಾರಿಡಾರಿಗೆ ಮಗುಚಿತು, ಕಡಲ್ಗಳ್ಳರು ಕೊಳ್ಳೆ ಹೊಡೆದರು.

ಉಸಿರು ಬಂದ ಮೇಲೆ ಸ್ಟೇನ್‌ವೋರ್ ಕೋಳಿಯ ತಲೆ ಕಳಚಿ ಮೇಜಿನ ಮೇಲಿಟ್ಟಳು. ಅಂದರೆ ಇನ್ನು ತಮಾಷೆಯಿಲ್ಲ. "ಈಗಲೂ ಇದು ನಮ್ಮನೆ ಸಮಾಚಾರವೇ. ನಲ್ಲಿನೀರಲ್ಲಿ ಗಂಧಕ ಒಂದೇ ಇರೋದಾ? ಇನ್ನೂ ಏನೇನೋ ಇರುತ್ತೆ. ಶುದ್ಧ ನೀರಿಗೆ ಸಲ್ಫೈಡ್, ಅಂದ್ರೆ ಗಂಧಕದ ಲವಣ, ಅಳೆದು ಹಾಕಿ ಮಾಡಬೇಕು. ಓರ್ಹುಸ್‌ನಲ್ಲಿ. ತ್ರೂಲ್ಸ್ ಮಾಡೋ ಹಾಗಿಲ್ಲ, ಅವನೀಗ ನಮ್ಮವನೇ ಆಗಿಬಿಟ್ಟಿದ್ದಾನೆ. ನಿನ್ನ ಮುಖಾನೇ ನೋಡದೆ ಇರೋರು ಮಾಡಬೇಕು. ಫೋನ್ ಮಾಡೋ ಹಾಗಿಲ್ಲ. ನೀನು ಬರೆದಿದ್ದಷ್ಟೇ ಅವರಿಗೆ ಗತಿ."

"ಅಲ್ಲೂ ಬರಲಿಲ್ಲ ಅಂದ್ರೆ?"

"ಅಧ್ಯಾಯ ತೆಗಿ. ನಾನೇ ಕತ್ತರಿ ಕೊಡ್ತೀನಿ."

ಸೋಲ್ರೂನ್ ಬರೆಯಲು ಕುಳಿತಳು. ಬರೆಯುತ್ತ ಹೋದಂತೆ, ತಾನು ಮಾಡುವುದರಲ್ಲಿ ತನಗೇ ಗೊತ್ತಿಲ್ಲದ್ದು ಎಷ್ಟಿದೆಯೆಂದು ಅವಳಿಗೆ ಬೆರಗಾಯಿತು. ಫ್ಲಾಸ್ಕನ್ನು ಎಲ್ಲಿಂದ ತೆಗೆಯುವುದು, ಯಾವುದರಿಂದ ತೊಳೆಯುವುದು, ಹೇಗೆ ಒಣಗಿಸುವುದು, ಯಾವ ಕೈಗವಸು, ಮುಚ್ಚಳ ಯಾವಾಗ. ಅತಿಥಿಗೆ ಬೆಚ್ಚಗಿನ ಬಟ್ಟಲು ಕೊಡುವ ಉಪಚಾರವನ್ನು ಓವನ್ನಿನ ಉಷ್ಣತೆಯಾಗಿ, ಅವಧಿಯಾಗಿ ಬರೆದಳು.

ತ್ರೂಲ್ಸ್ ಭುಜದ ಮೇಲಿಂದ ಇಣುಕಿದ. "ಉಸಿರು ಯಾವಾಗ ಎಳೀಬೇಕು ಅನ್ನೋದನ್ನೂ ಹಾಕಿಬಿಡು."

"ಹಾಕ್ತೀನಿ. ಡೇನರಿಗೆ ಬಾಯಿಂದ, ಮೂಗು ಕೆಟ್ಟಿದೆ ಅಂತ."

ಶುಕ್ರವಾರ ಅವನು ಉಜ್ಜಿ ಬೆಳ್ಳಗಾದ ಉಂಗುರದೊಂದಿಗೆ ವಿಮಾನ ಹತ್ತುವ ಮುನ್ನ, ಉಳಿದಿದ್ದ ಕಲ್ಲುಹೂವನ್ನೆಲ್ಲ ಸೋಲ್ರೂನ್ ಹಾಲಿನಲ್ಲಿ ಕುದಿಸಿದಳು. ಮೂವರೂ ಸಕ್ಕರೆ ಹಾಕಿಕೊಂಡು ಕುಡಿದರು. ಗಂಟಲಿಗೆ ಹಿತವಾಗಿತ್ತು. ಅದಕ್ಕೆ ಗೊತ್ತಿರುವ ಕೆಲಸ ಅದೇ ಇರಬೇಕು ಎಂದುಕೊಂಡು ಅವಳು ಪ್ರಬಂಧದ ಶೀರ್ಷಿಕೆಯಿಂದ ಅದರ ಹೆಸರನ್ನು ಹೊಡೆದುಹಾಕಿದಳು.

ಮಾರ್ಚ್ ಬಂತು. ಫೋನ್ ಮಾಡುವಂತಿರಲಿಲ್ಲ, ಅವಳು ಮಾಡಲಿಲ್ಲ. ಬಿಕ್ಕಳಿಸಿದಳು, ಈಜಿದಳು, ಸ್ಟೇನ್‌ವೋರ್‌ಗೆ ಮುಖ ತಪ್ಪಿಸಿದಳು. ಕಡೆಗೊಂದು ಬೆಳಗ್ಗೆ, ಅವಳು ಎಂದೂ ನೋಡಿರದ ಹೆಲ್ಲೆ ಎಂಬ ಸಂಶೋಧಕಿಯಿಂದ ಓರ್ಹುಸ್‌ನ ವರದಿ ಬಂತು. ಸೋಲ್ರೂನ್ ಅದನ್ನು ನಿಂತುಕೊಂಡೇ, ಗಟ್ಟಿಯಾಗಿ, ಸ್ಟೇನ್‌ವೋರ್‌ಗೆ ಕೇಳುವಂತೆ ಓದಿದಳು:

ಲೇಶಮಾತ್ರ ಸಲ್ಫೈಡ್ ಸೇರಿಸಿದ ಎಲ್ಲ ಫ್ಲಾಸ್ಕುಗಳಲ್ಲಿಯೂ ಬೆಳ್ಳಿಯ ಘನಗಳು ದೊರೆತಿವೆ. ಸೇರಿಸದ ಯಾವ ಫ್ಲಾಸ್ಕಿನಲ್ಲಿಯೂ ದೊರೆತಿಲ್ಲ.